ಉಮಾಕಾಂತನ ಗುರುತಿನ ಹಲ್ಲು

ಸೂರತ್‌ನ ಅಡಾಜಣ್‌ನಲ್ಲಿ, ತಾಪಿ ನದಿಗೆ ಹತ್ತಿರದ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ, ದಿನಾ ಬೆಳಿಗ್ಗೆ ಆರೂವರೆಗೆ ಒಂದು ಗುರುತಿನ ಪರೇಡು ನಡೆಯುತ್ತಿತ್ತು. ಪೊಲೀಸರಿಲ್ಲ, ಸಾಲಾಗಿ ನಿಂತ ಕಳ್ಳರಿಲ್ಲ. ನಿಲ್ಲುವವನು ಒಬ್ಬನೇ, ವಿಮಾ ಕಂಪನಿಯ ಆಡಳಿತಾಧಿಕಾರಿ ಉಮಾಕಾಂತ, ವಯಸ್ಸು ಐವತ್ತೇಳು. ಗುರುತು ಹಿಡಿಯುವವರು ಅವನ ತಾಯಿ ಸುಭದ್ರಮ್ಮ, ವಯಸ್ಸು ಎಂಬತ್ತನಾಲ್ಕು.

ಸುಭದ್ರಮ್ಮನಿಗೆ ಮರೆವಿನ ಕಾಯಿಲೆ. ಮೊದಲು ಕನ್ನಡಕ ಇಟ್ಟ ಜಾಗ ಮರೆತರು, ಆಮೇಲೆ ವಾರ ಮರೆತರು, ಆಮೇಲೆ ಸೊಸೆಯನ್ನೇ ಮರೆತರು. ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಬಾಳಿದ ಶಾಂತಾಳನ್ನು ಅವರು "ನರ್ಸಮ್ಮ" ಎಂದು ಕರೆಯಲು ಶುರು ಮಾಡಿದಾಗ, ಶಾಂತಾ ಮೊದಲನೇ ದಿನ ಅತ್ತಳು. ಎರಡನೇ ದಿನ, "ಮುಂಚೆ ಕರೀತಿದ್ದುದಕ್ಕಿಂತ ಇದೇ ವಾಸಿ" ಎಂದು ಕಣ್ಣೊರೆಸಿಕೊಂಡಳು. ಮಗನ ಮುಖವೂ ಮರೆತುಹೋಯಿತು, ದನಿಯೂ ಹೋಯಿತು. ಉಳಿದದ್ದು ಹಲ್ಲು ಮಾತ್ರ.

ಅಮ್ಮ ಎದ್ದು ಮಂಚದ ಮೇಲೆ ಕೂತು, "ಯಾರಪ್ಪ ನೀನು?" ಎನ್ನುತ್ತಿದ್ದರು. ಉಮಾಕಾಂತ ಹೆಸರು ಹೇಳುತ್ತಿರಲಿಲ್ಲ, ಹೇಳಿ ಪ್ರಯೋಜನವಿರಲಿಲ್ಲ. ಮುಖ ಹತ್ತಿರ ತಂದು "ಈ" ಎಂದು ಹಲ್ಲು ಕಿರಿಯುತ್ತಿದ್ದ. ಮೇಲಿನ ಸಾಲಿನ ನಾಲ್ಕು ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟಿ, ನಡುನಡುವೆ ಸುಣ್ಣ ಚಿಮುಕಿಸಿದ ಹಾಗೆ ಚುಕ್ಕಿ. ಅಮ್ಮ ತೋರುಬೆರಳಿನಿಂದ ಆ ಪಟ್ಟಿಯನ್ನು ಎಡದಿಂದ ಬಲಕ್ಕೆ ಒಂದು ಸಲ ಸವರುತ್ತಿದ್ದರು.

"ನಮ್ಮ ಕೈಪಂಪಿನ ನೀರು. ಉಮ ಕಣೋ ನೀನು. ಕಾಫಿ ಆಯ್ತಾ?"

ಅಲ್ಲಿಗೆ ದಿನ ಸಲೀಸು. ಉಮ "ಇಸ್ಕೊಳಮ್ಮ" ಅಂದರೆ ನರ್ಸಮ್ಮನ ಕೈಯಿಂದ ಮಾತ್ರೆ ಇಳಿಯುತ್ತಿತ್ತು, ಮಧ್ಯಾಹ್ನದ ಅನ್ನ ಇಳಿಯುತ್ತಿತ್ತು, ಸ್ನಾನವೂ ಆಗುತ್ತಿತ್ತು. ಉಮ ಹೇಳದಿದ್ದರೆ ಬ್ರಹ್ಮ ಬಂದು ಹೇಳಿದರೂ ಇಲ್ಲ.

ಆ ಹಲ್ಲಿನ ಚರಿತ್ರೆ ಇಷ್ಟು. ಅವರದು ಪಾವಗಡದ ಕಡೆಯ ಹಳ್ಳಿ, ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಉಮಾಕಾಂತನಿಗೆ ಮೂರು ವರ್ಷವಾಗಿದ್ದಾಗ ಸರ್ಕಾರದವರು ಅವರ ಮನೆ ಮುಂದೆಯೇ ಕೊಳವೆ ಬಾವಿ ಕೊರೆದು ಕೈಪಂಪು ನಿಲ್ಲಿಸಿದರು. ನೀರು ಕನ್ನಡಿಯ ಹಾಗಿತ್ತು. ಆ ನೀರು ಕುಡಿದು ಬೆಳೆದ ಅಷ್ಟೂ ಮಕ್ಕಳ ಹಲ್ಲು ಕಂದಾದ ಮೇಲೆ, ಅದರಲ್ಲಿ ಫ್ಲೋರೈಡ್ ಜಾಸ್ತಿ ಇದೆಯೆಂದು ಪಂಪಿಗೆ ಕೆಂಪು ಬಣ್ಣ ಬಳಿದು ಹೋದರು. ಮಕ್ಕಳ ಹಲ್ಲಿಗೆ ಏನೂ ಬಳಿಯಲಿಲ್ಲ.

ಅಂದಿನಿಂದ ಉಮಾಕಾಂತ ಮನೆಯಾಚೆ ಬಾಯಿ ಮುಚ್ಚಿಕೊಂಡೇ ಬದುಕಿದ. ಅವನ ಮದುವೆ ಫೋಟೋ ನೋಡಿದವರು ಹೆಣ್ಣಿನ ಕಡೆಯವರು ಇವನನ್ನು ಹೊತ್ತುಕೊಂಡು ಬಂದು ತಾಳಿ ಕಟ್ಟಿಸಿದ್ದಾರೆ ಎಂದುಕೊಳ್ಳಬೇಕು, ಹಾಗಿದೆ ಮುಖ. ಆಫೀಸಿನಲ್ಲಿ ಇದರಿಂದ ಲಾಭವೇ ಆಯಿತು. ನಗದ ಮನುಷ್ಯ ಬುದ್ಧಿವಂತನೇ ಇರಬೇಕೆಂದು ಸಹಿ ಮತ್ತು ಫೋಟೋ ತಾಳೆ ನೋಡುವ ಕೆಲಸವನ್ನು ಅವನಿಗೇ ಕೊಟ್ಟರು. ಮೂವತ್ತು ವರ್ಷದಲ್ಲಿ ಅವನು ಎಷ್ಟೋ ಅರ್ಜಿಗಳ ಮೇಲೆ "ಅಸಲಿಗೂ ನಕಲಿಗೂ ತಾಳೆಯಾಗುತ್ತಿಲ್ಲ" ಎಂದು ಬರೆದು ವಾಪಸು ಕಳಿಸಿದ್ದಾನೆ. ಆ ಅರ್ಜಿದಾರರಲ್ಲಿ ಯಾರದೋ ಶಾಪ ತಟ್ಟಿರಬೇಕು.

ಶಾಪ ಬಂದದ್ದು ಮಗಳ ಮೂಲಕ. ಮಗಳು ಧನುಶ್ರೀ ವಡೋದರಾದಲ್ಲಿ ಔಷಧಿ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಳು. ಅಲ್ಲೇ ಮಂಥನ್ ಎಂಬ ಗುಜರಾತಿ ಹುಡುಗನನ್ನು ಮೆಚ್ಚಿ, ಎರಡೂ ಮನೆಯವರು ಫೋನಿನಲ್ಲೇ ಮಾತಾಡಿ ಒಪ್ಪಿ, ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿತ್ತು. ಹುಡುಗನ ತಾಯಿ ಸ್ವಾತಿಬೆನ್ ಒಂದು ಸಂಜೆ ಫೋನ್ ಮಾಡಿ, ಬೀಗರಿಗೆ ಅವರಲ್ಲಿ ಅನ್ನುವ ಹಾಗೆ, "ವೇವಾಯಿ, ನಿಮ್ಮ ನಗು ಎಷ್ಟು ಚೆಂದ. ನಮ್ಮ ಮನೆಯವರೆಲ್ಲ ಅದೇ ಮಾತಾಡ್ತಿದ್ದಾರೆ" ಎಂದರು.

ಉಮಾಕಾಂತ ಫೋನು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತ. ಅವನ ನಗುವನ್ನು ಯಾರಾದರೂ ಹೊಗಳಿದ್ದು ಇದೇ ಮೊದಲು, ಅದೂ ನೋಡದವರು. ವಿಚಾರಿಸಿದರೆ ಸಂಗತಿ ಹೊರಬಿತ್ತು. ದೀಪಾವಳಿಗೆ ಮನೆಯಲ್ಲಿ ಅಮ್ಮ ಏನೋ ಅಂದಾಗ ಅವನು ಬಾಯಿ ತೆರೆದು ನಕ್ಕಿದ್ದ. ಆ ಗಳಿಗೆಯಲ್ಲಿ ಧನುಶ್ರೀ ಫೋಟೋ ತೆಗೆದಿದ್ದಳು, ಆಮೇಲೆ ಫೋನಿನಲ್ಲೇ ಹಲ್ಲಿಗೆ ಬಿಳಿ ಬಳಿದು ಬೀಗರಿಗೆ ಕಳಿಸಿದ್ದಳು.

"ಪಪ್ಪಾ, ಆ್ಯಪ್ ತಾನೇ ಮಾಡ್ತು," ಎಂದಳು ಧನುಶ್ರೀ. ಆಮೇಲೆ, "ಮಂಥನ್ ಕಸಿನ್ಸ್ ಎಲ್ಲ ಇದಾರೆ ಗ್ರೂಪಲ್ಲಿ. ಏನಾದ್ರೂ ಅಂದ್ರೆ ನಂಗೆ ಬೇಜಾರ್ ಆಗತ್ತೆ. ಅದಕ್ಕೆ" ಎಂದಳು.

ಬೇರೆ ಅಪ್ಪನಾಗಿದ್ದರೆ ಕೂಗಾಡುತ್ತಿದ್ದ. ಉಮಾಕಾಂತ ಫೋಟೋವನ್ನು ಹಿಗ್ಗಿಸಿ ನೋಡಿದ. ಆ ಹಲ್ಲಿನಲ್ಲಿ ತಾನು ಚೆನ್ನಾಗಿಯೇ ಕಾಣುತ್ತಿದ್ದೇನೆ ಅನ್ನಿಸಿತು. ಮೂವತ್ತು ವರ್ಷದ ಅನುಭವ ಅವನಿಗೆ ಹೇಳಿದ್ದು ಒಂದೇ: ನಕಲು ಈಗಾಗಲೇ ಬೀಗರ ಕೈ ಸೇರಿದೆ, ತಾಳೆಯಾಗಬೇಕಾದರೆ ಅಸಲನ್ನೇ ತಿದ್ದಬೇಕು.

"ಐವತ್ತೇಳು ವರ್ಷ ಇಲ್ಲದ ಶೋಕಿ," ಎಂದಳು ಶಾಂತಾ. ಅವನು ಕೇಳಲಿಲ್ಲ.

ಮೊದಲು ಮನೆಮದ್ದು. ಎದುರು ಮನೆಯ ಧನಸುಖಭಾಯಿ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ. ಮೂವತ್ತು ವರ್ಷದಿಂದ ಅಡಿಕೆ ತಂಬಾಕಿನ ಮಾವಾ ಅಗಿದು ಅವರ ಹಲ್ಲು ಇಟ್ಟಿಗೆ ಗೂಡಿನ ಬಣ್ಣಕ್ಕೆ ಬಂದಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಆದರೂ ಅವರ ಬಳಿ ಹಲ್ಲಿನ ಬಗ್ಗೆ ಇಲ್ಲದ ಸಲಹೆಯೇ ಇರಲಿಲ್ಲ. ಅವರ ಮಾತಿನಂತೆ ಉಮಾಕಾಂತ ನಿಂಬೆರಸಕ್ಕೆ ಅಡುಗೆ ಸೋಡ ಕಲಸಿ ಉಜ್ಜಿದ. ಮೂರು ದಿನ ನೀರು ಕುಡಿದರೂ ಹಲ್ಲು ಜುಮ್ಮೆಂದಿತು. ಬಾಳೆಸಿಪ್ಪೆಯ ಒಳಭಾಗ ಉಜ್ಜಿದ. ಹಲ್ಲು ಹಾಗೇ ಇತ್ತು, ಇರುವೆ ಬಂತು. ಇದ್ದಿಲ ಪುಡಿ ತರಿಸಿ ಉಜ್ಜುತ್ತಿದ್ದಾಗ ಸ್ವಾತಿಬೆನ್ ವೀಡಿಯೋ ಕರೆ ಮಾಡಿದರು. ಶಾಂತಾ ಗೊತ್ತಿಲ್ಲದೆ ಫೋನನ್ನು ಅವನ ಮುಖಕ್ಕೆ ತಿರುಗಿಸಿದಳು, ಅವನು ಮರ್ಯಾದೆಗೆ ನಕ್ಕ. ಆ ಕಡೆ ಒಂದು ಮಗು ಚೀರಿದ್ದು ಕೇಳಿಸಿ ಕರೆ ತುಂಡಾಯಿತು. ನೆಟ್‌ವರ್ಕ್ ಸರಿಯಿಲ್ಲ ಎಂದು ಎರಡೂ ಮನೆಯವರು ನಂಬಿಕೊಂಡರು.

ಕೊನೆಗೆ ಅವನು ಹಲ್ಲಿನ ಡಾಕ್ಟರ್ ಪ್ರಾರ್ಥನಾ ಹತ್ತಿರ ಹೋದ. ಆಕೆ ಹುಬ್ಬಳ್ಳಿ ಕಡೆಯ ರೈಲ್ವೆಯವರ ಮಗಳು, ಸೂರತ್‌ನಲ್ಲೇ ಬೆಳೆದವಳು. ಕನ್ನಡ ಅರ್ಥವಾಗುತ್ತಿತ್ತು, ಮಾತು ಹಿಂದಿ ಬೆರೆತು ಬರುತ್ತಿತ್ತು. ಅವನ ತುಟಿಯನ್ನು ಎರಡೂ ಕಡೆ ಪ್ಲಾಸ್ಟಿಕ್ ಕೊಕ್ಕೆಯಿಂದ ಎಳೆದು, ಮೊದಲು ಕ್ಯಾಮೆರಾದಲ್ಲಿ ಬರೀ ಹಲ್ಲಿನ ಫೋಟೋ ತೆಗೆದುಕೊಂಡಳು.

"ಅಂಕಲ್, ಇದು ಚಾ ಕಾಫಿ ಕಲೆ ಅಲ್ಲ. ಕ್ಲೀನ್ ಮಾಡಿದ್ರೆ ಹೋಗಲ್ಲ. ಹಲ್ಲು ಬೆಳೆಯೋವಾಗ್ಲೇ ಒಳಗೆ ಕೂತಿರೋದು. ಬ್ಲೀಚ್ ಮಾಡಿದ್ರೆ ಬಿಳಿ ಭಾಗ ಇನ್ನೂ ಬಿಳಿ ಆಗತ್ತೆ, ಬ್ರೌನ್ ಇನ್ನೂ ಎದ್ದು ಕಾಣತ್ತೆ. ಒಂದು ವಾರ ಮನೇಲಿ ಟ್ರೇ ಹಾಕ್ಕೊಳಿ, ಆಮೇಲೆ ನಾನು ಮೇಲಿನ ಪದರ ಉಜ್ಜಿ ತೆಗೀತೀನಿ, ಉಳಿದದ್ದನ್ನ ಹಲ್ಲಿನ ಬಣ್ಣದ ಫಿಲ್ಲಿಂಗ್‌ನಲ್ಲಿ ಮುಚ್ತೀನಿ." ಬಣ್ಣ ಆರಿಸಲೆಂದು ಪುಟ್ಟ ಪುಟ್ಟ ಹಲ್ಲುಗಳ ಒಂದು ಪಟ್ಟಿ ಕೊಟ್ಟಳು.

ಉಮಾಕಾಂತ ಜೇಬಿನಿಂದ ಫೋನು ತೆಗೆದು ಮಗಳು ತಿದ್ದಿದ ಫೋಟೋ ತೋರಿಸಿದ. "ಇದಕ್ಕೆ ತಾಳೆಯಾಗಬೇಕು."

"ಇದು ಹಲ್ಲಿನ ಬಣ್ಣ ಅಲ್ಲ ಅಂಕಲ್, ಟ್ಯೂಬ್‌ಲೈಟ್," ಎಂದಳು ಪ್ರಾರ್ಥನಾ. ಕೊನೆಗೆ ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನ ಬಿಳುಪಿಗೆ ರಾಜಿಯಾಯಿತು.

ಟ್ರೇ ಅಂದರೆ ಅವನ ಹಲ್ಲಿನ ಅಚ್ಚು ತೆಗೆದು ಮಾಡಿದ ತೆಳು ಪ್ಲಾಸ್ಟಿಕ್ ತೊಟ್ಟಿ. ಅದಕ್ಕೆ ಔಷಧಿ ತುಂಬಿ ದಿನಾ ಸಂಜೆ ಎರಡು ಗಂಟೆ ಕಚ್ಚಿಕೊಂಡು ಕೂರಬೇಕು. ಅರಿಶಿನ, ಹುಣಸೆ, ಕಾಫಿ ಯಾವುದೂ ಬೇಡವೆಂದು ಬರೀ ಮೊಸರನ್ನ ತಿಂದ. ಇವರು ಯಾವ ದೇವರ ವ್ರತ ಹಿಡಿದಿದ್ದಾರೆಂದು ಧನಸುಖಭಾಯಿಯ ಹೆಂಡತಿ ವಿಚಾರಿಸಿಕೊಂಡು ಹೋದರು. ಡಾಕ್ಟರು ಹೇಳಿದ ಹಾಗೇ ಬಿಳಿ ಇನ್ನೂ ಬಿಳಿಯಾಗಿ ಪಟ್ಟಿ ಎದ್ದು ಕಂಡಿತು. ಆ ವಾರ ಅಮ್ಮ ಅವನನ್ನು ಬಾಗಿಲಲ್ಲಿ ನೋಡಿದೊಡನೆ "ಉಮ" ಎಂದರು, ಬೆರಳು ಆಡಿಸುವ ಅಗತ್ಯವೂ ಬೀಳಲಿಲ್ಲ. ಹಾಗಾಗಿ ಅವನಿಗೆ ಮುಂದಿನದರ ಸುಳಿವೇ ಸಿಗಲಿಲ್ಲ.

ಶನಿವಾರ ಪ್ರಾರ್ಥನಾ ಉಜ್ಜುವುದನ್ನು ಉಜ್ಜಿ, ಮುಚ್ಚುವುದನ್ನು ಮುಚ್ಚಿ, ಕನ್ನಡಿ ಕೊಟ್ಟಳು. ಉಮಾಕಾಂತ ಕನ್ನಡಿಯಲ್ಲಿ ತುಂಬಾ ಹೊತ್ತು ನಕ್ಕ. ರಿಕ್ಷಾದವನಿಗೆ ನಕ್ಕ, ಲಿಫ್ಟಿನಲ್ಲಿ ಗುರುತಿಲ್ಲದವರಿಗೆ ನಕ್ಕ, ಶಾಂತಾಗೆ ನಕ್ಕ. ಶಾಂತಾ ಸೆರಗು ಬಾಯಿಗೆ ಹಿಡಿದು, "ಮದುವೆ ದಿನ ಹೀಗೆ ನಕ್ಕಿದ್ದಿದ್ದರೆ," ಎಂದು ಅಷ್ಟಕ್ಕೇ ನಿಲ್ಲಿಸಿದಳು. ಆ ದಿನ ಅಮ್ಮ ಬೇಗ ಮಲಗಿದ್ದರು.

ಭಾನುವಾರ ಆರೂವರೆ. "ಯಾರಪ್ಪ ನೀನು?"

"ಈ," ಎಂದ ಉಮಾಕಾಂತ.

ಅಮ್ಮನ ಬೆರಳು ಹಲ್ಲಿನವರೆಗೆ ಬಂದು ನಿಂತಿತು. ಮುಖ ಸಣ್ಣದಾಯಿತು. ಕೈ ಹಿಂದಕ್ಕೆ ತೆಗೆದುಕೊಂಡು, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತರು.

"ನೀವು ಯಾರು, ಗೊತ್ತಾಗ್ಲಿಲ್ಲ. ಪಟ್ನದವರು ಅನ್ಸತ್ತೆ. ಕೂತ್ಕೊಳಿ, ನಮ್ಮ ಉಮ ಈಗ ಬರ್ತಾನೆ."

"ಅಮ್ಮ, ನಾನೇ ಉಮ."

"ಅಯ್ಯೋ, ಇಲ್ಲ ಬಿಡಿ," ಎಂದು ಅಮ್ಮ ನಯವಾಗಿ ನಕ್ಕರು. ಮನೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಮೇಷ್ಟ್ರ ಹೆಂಡತಿ ನಗುವ ನಗು ಅದು. ಹುಟ್ಟಿದಂದಿನಿಂದ ಅಮ್ಮನಿಂದ ಬೈಸಿಕೊಂಡಿದ್ದ, ಹೊಡೆಸಿಕೊಂಡಿದ್ದ, ಕತ್ತೆ ಅನ್ನಿಸಿಕೊಂಡಿದ್ದ. ಇಂಥ ಮರ್ಯಾದೆ ಯಾವತ್ತೂ ಮಾಡಿಸಿಕೊಂಡಿರಲಿಲ್ಲ.

ಕಾಫಿ ಕೊಟ್ಟರೆ, "ಉಮ ಬರಲಿ." ಮಾತ್ರೆ ಕೊಟ್ಟರೆ, "ಉಮ ಬರಲಿ." ಇಡೀ ದಿನದಲ್ಲಿ ಅರ್ಧ ಬಾಳೆಹಣ್ಣು ಇಳಿಯಿತು. ಅದನ್ನೂ ಅತಿಥಿಗೆ ಅರ್ಧ ಕೊಟ್ಟು ತಿಂದರು.

ಸೋಮವಾರ ಬೆಳಿಗ್ಗೆ, ಮನೆ ಹೀಗಿರುವಾಗ, ಬ್ಯಾಂಕಿನಿಂದ ರಾಕೇಶ್ ಎಂಬ ಯುವಕ ಬಂದ. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಪ್ರತಿ ನವೆಂಬರಿನಲ್ಲಿ ಅವರು ಬದುಕಿದ್ದಾರೆಂದು ಬ್ಯಾಂಕಿಗೆ ಖಾತ್ರಿಯಾಗಬೇಕು. ರಾಕೇಶ್ ಯಂತ್ರದ ಮೇಲೆ ಅಮ್ಮನ ಹೆಬ್ಬೆರಳು ಒತ್ತಿಸಿದ, ಯಂತ್ರ ಒಪ್ಪಲಿಲ್ಲ. ಎಷ್ಟೋ ವರ್ಷ ಪಾತ್ರೆ ಬೆಳಗಿದ ಬೆರಳು, ಅದರಲ್ಲಿ ಗೆರೆ ಎಲ್ಲಿಂದ ಉಳಿಯಬೇಕು. ಹಾಗಾದರೆ ಸಾಕ್ಷಿ ಬೇಕೆಂದು ಧನಸುಖಭಾಯಿಯನ್ನು ಕರೆಸಿ ಕೂರಿಸಿದ, ಅಮ್ಮನಿಗೆ ನಾಲ್ಕು ಪ್ರಶ್ನೆ ಕೇಳುವುದೆಂದಾಯಿತು. ಶಾಂತಾ ಮಗಳ ಸೀರೆಗೆ ಫಾಲ್ ಹೊಲಿಸಲು ಹೋಗಿದ್ದಳು. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು, ಬಂದವರಿಬ್ಬರಿಗೂ ಕನ್ನಡ ಬಾರದು. ಆ ಮನೆಯಲ್ಲಿ ದುಭಾಷಿಯಾಗಲು ಉಳಿದದ್ದು ಉಮಾಕಾಂತ ಒಬ್ಬನೇ.

"ಬಾ, ಇವರು ಯಾರು?" ಎಂದು ರಾಕೇಶ್ ಹಿರಿಯ ಹೆಂಗಸರನ್ನು ಅಲ್ಲಿ ಕರೆಯುವ ಹಾಗೆ ಕರೆದು, ಹಿಂದಿಯಲ್ಲಿ ಕೇಳಿದ.

"ಅಮ್ಮ, ನಾನು ಯಾರು ಅಂತ ಕೇಳ್ತಿದಾರೆ."

"ನನಗೇನಪ್ಪ ಗೊತ್ತು," ಎಂದರು ಅಮ್ಮ, ರಾಕೇಶನ ಕಡೆಗೇ ತಿರುಗಿ. "ನಿನ್ನೆಯಿಂದ ಇಲ್ಲೇ ಇದಾರೆ. ಸ್ವಂತ ಮನೆ ಥರ ಓಡಾಡ್ತಾರೆ. ನಮ್ಮ ಉಮನ ಪಂಚೆ ಉಟ್ಕೊಂಡಿದಾರೆ. ಕೇಳೋಕೆ ನನಗೆ ನಾಚಿಕೆ."

"ಏನಂತಾರೆ?" ಎಂದ ರಾಕೇಶ್.

ಇಲ್ಲಿ ಬೇರೆಯವನಾಗಿದ್ದರೆ "ನನ್ನ ಮಗ ಅಂತಾರೆ" ಎಂದು ಮುಗಿಸುತ್ತಿದ್ದ. ಆದರೆ ದಾಖಲೆ ತಿದ್ದುವುದು ಉಮಾಕಾಂತನಿಗೆ ಕೈಲಾಗದ ಕೆಲಸ. "ನಾನು ಯಾರೋ ಗೊತ್ತಿಲ್ಲವಂತೆ. ನಿನ್ನೆಯಿಂದ ಇಲ್ಲಿದ್ದೀನಂತೆ. ಅವರ ಮಗನ ಪಂಚೆ ಉಟ್ಟಿದ್ದೀನಂತೆ," ಎಂದ.

ರಾಕೇಶ್ ಪೆನ್ನು ಕೆಳಗಿಟ್ಟ. "ಮಗ ಎಲ್ಲಿದ್ದಾರೆ, ಕೇಳಿ."

ಕೇಳಿದ. "ಅದನ್ನ ಇವರನ್ನೇ ಕೇಳಪ್ಪ," ಎಂದರು ಅಮ್ಮ. "ಇವರು ಬಂದಾಗಿಂದ ನನ್ನ ಮಗ ಕಾಣ್ತಿಲ್ಲ."

"ನಾನು ಬಂದಾಗಿನಿಂದ ಮಗ ಕಾಣ್ತಿಲ್ಲವಂತೆ," ಎಂದ ಉಮಾಕಾಂತ. "ನನ್ನನ್ನೇ ಕೇಳಬೇಕಂತೆ."

"ಹಾಗಾದ್ರೆ ಹೇಳಿ, ಎಲ್ಲಿ?"

"ನಾನೇ."

ಧನಸುಖಭಾಯಿ ಬಾಯಿ ತುಂಬ ಮಾವಾ ಇಟ್ಟುಕೊಂಡೇ ಎದ್ದು ನಿಂತು ಸಾಕ್ಷಿ ಹೇಳಿದರು. ಇವರೇ ಮಗ, ಎಂಟು ವರ್ಷದಿಂದ ಬಲ್ಲೆ, ಮುಂಚೆ ಹಲ್ಲು ಬಹಳ ಕೆಟ್ಟದಾಗಿತ್ತು, ಮೊನ್ನೆ ಬಿಳಿ ಮಾಡಿಸಿದರು, ನಿಂಬೆಹಣ್ಣಿನ ಉಪಾಯ ಮೊದಲು ಹೇಳಿದ್ದು ತಾನೇ. "ಹಳೇ ಹಲ್ಲಿನ ಫೋಟೋ ತೋರಿಸಿಬಿಡಿ ಉಮಾಕಾಂತಭಾಯಿ, ಬಾಗೆ ಸಮಾಧಾನ ಆಗುತ್ತೆ."

ಉಮಾಕಾಂತ ಬೀರು ತೆಗೆದು ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದ. ಆಧಾರ್, ಪಾಸ್‌ಪೋರ್ಟ್, ಆಫೀಸಿನ ಕಾರ್ಡು, ಮದುವೆ ಆಲ್ಬಮ್ಮು, ಮಗಳ ನಾಮಕರಣ. ಎಲ್ಲದರಲ್ಲೂ ಬಾಯಿ ಮುಚ್ಚಿತ್ತು. ಅವನು ಹಲ್ಲು ಬಿಟ್ಟ ಫೋಟೋ ಇದ್ದದ್ದು ಪ್ರಪಂಚದಲ್ಲಿ ಒಂದೇ, ಫೋನಿನಲ್ಲಿ, ಮಗಳು ತಿದ್ದಿದ್ದು. ಅಸಲನ್ನು ಅವಳು ಅಳಿಸಿಹಾಕಿದ್ದಳು. ಅವನು ಅದನ್ನೇ ತೋರಿಸಿದ.

"ಹೂಂ, ಇವರೇ," ಎಂದು ಅಮ್ಮ ಫೋಟೋದಿಂದ ಅವನ ಕಡೆಗೆ ಬೆರಳು ತಿರುಗಿಸಿದರು. "ಈ ಯಜಮಾನರೇ. ಆಗಲೂ ಬಂದಿದ್ರಾ ಹಾಗಾದ್ರೆ?"

ರಾಕೇಶ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಫಾರಮ್ಮು ತುಂಬಿ, ಧನಸುಖಭಾಯಿಯ ಸಹಿ ಹಾಕಿಸಿಕೊಂಡ. "ನೋಡಿ ಅಂಕಲ್, ನನಗೆ ಬೇಕಾಗಿರೋದು ಬಾ ಬದುಕಿದ್ದಾರೆ ಅನ್ನೋದು ಅಷ್ಟೇ. ನೀವು ಯಾರು ಅನ್ನೋದಕ್ಕೆ ನನ್ನ ಫಾರಮ್ಮಲ್ಲಿ ಜಾಗ ಇಲ್ಲ," ಎಂದು ಹೋದ.

ಮಾಡಿದ್ದುಣ್ಣೋ ಮಹರಾಯ. ಬಿಳಿ ಮಾಡಲು ಹೆಣಗಿದ ಮನುಷ್ಯ ಈಗ ಕಲೆ ಮಾಡಿಕೊಳ್ಳಲು ಹೊರಟ. ದಿನಕ್ಕೆ ಹನ್ನೆರಡು ಲೋಟ ಕರೀ ಚಹಾ ಕುಡಿದು ಬಾಯಿಯಲ್ಲೇ ಇಟ್ಟುಕೊಂಡ. ಕಾಫಿ ಡಿಕಾಕ್ಷನ್ ಮುಕ್ಕಳಿಸಿದ. ಧನಸುಖಭಾಯಿಯ ಬಳಿ ಚಿಟಿಕೆ ಮಾವಾ ಇಸಿದುಕೊಂಡು ಬಾಯಿಗೆ ಹಾಕಿ, ತಲೆ ತಿರುಗಿ ಮೆಟ್ಟಿಲ ಮೇಲೆ ಕೂತ. ಡಾಕ್ಟರು ಮಾಡಿದ ಕೆಲಸ ಗಟ್ಟಿಯಾಗಿತ್ತು, ಯಾವುದೂ ಹಿಡಿಯಲಿಲ್ಲ. ಕೊನೆಗೆ ಊದುಬತ್ತಿಯ ಕಡ್ಡಿಯನ್ನು ಅರಿಶಿನದಲ್ಲಿ ಅದ್ದಿ ನೆನಪಿನಿಂದ ಪಟ್ಟಿ ಬರೆದುಕೊಂಡು ಅಮ್ಮನ ಮುಂದೆ ಬಗ್ಗಿ "ಈ" ಎಂದ.

"ಅರಿಶಿನ ಹಚ್ಕೊಂಡಿದೀರಲ್ಲ," ಎಂದರು ಅಮ್ಮ ಕನಿಕರದಿಂದ. "ಹಲ್ಲುನೋವಾ? ಲವಂಗ ಇಟ್ಕೊಳಿ, ಹೋಗತ್ತೆ."

ಬುಧವಾರಕ್ಕೆ ಅಮ್ಮನಿಗೆ ಎದ್ದು ಕೂರಲು ಆಗಲಿಲ್ಲ. ನೀರು ಸಹ ಎರಡು ಗುಟುಕು. ಮನೆಗೆ ಬಂದ ಡಾಕ್ಟರು, ನಾಳೆಯೂ ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ, ಈ ವಯಸ್ಸಿನಲ್ಲಿ ಒಳಗೆ ಹೋದವರು ಆಚೆ ಬರುವುದು ಹೇಳಲಾಗದು ಎಂದರು. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. "ಉಮ ಬಂದ್ನಾ?" ಎಂದು ಆಗಾಗ ಕೇಳುತ್ತಿದ್ದರು. ಉಮ ಪಕ್ಕದಲ್ಲೇ ಕೂತು, "ಬರ್ತಾನೆ" ಎನ್ನುತ್ತಿದ್ದ. ಶಾಂತಾ ಅಡುಗೆಮನೆಯಲ್ಲಿ ನಿಂತು ಅತ್ತಳು. ನರ್ಸಮ್ಮನಾದ ಮೇಲೆ ಅವಳು ಅತ್ತಿದ್ದು ಅದು ಎರಡನೇ ಸಲ.

ಮಧ್ಯಾಹ್ನ ಉಮಾಕಾಂತ ಪ್ರಾರ್ಥನಾಳ ಕ್ಲಿನಿಕ್ಕಿಗೆ ಓಡಿದ. "ನನ್ನ ಕಲೆ ವಾಪಸ್ ಕೊಡಿ ಡಾಕ್ಟ್ರೇ."

ಕಾಯುತ್ತಿದ್ದ ಮೂರು ಜನ ತಲೆ ಎತ್ತಿದರು. ಪ್ರಾರ್ಥನಾ ಅವನನ್ನು ಒಳಗೆ ಕರೆದು ಎಲ್ಲ ಕೇಳಿದಳು. "ಉಜ್ಜಿ ತೆಗೆದದ್ದು ವಾಪಸ್ ಬರಲ್ಲ ಅಂಕಲ್. ಬ್ರೌನ್ ಕಲರ್ ಹಾಕಬಹುದು, ಆದ್ರೆ ಕರೆಕ್ಟ್ ಅದೇ ಡಿಸೈನ್ ನನ್ನಿಂದ ಆಗಲ್ಲ." ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದಳು. "ಇದು ಮಾತ್ರ ಇದೆ."

ಪರದೆಯ ಮೇಲೆ ಅವನ ಹಳೆಯ ಬಾಯಿ ಇತ್ತು. ತುಟಿ ಎರಡೂ ಕಡೆ ಎಳೆದು, ಒಂದೊಂದು ಪಟ್ಟಿಯೂ ಒಂದೊಂದು ಚುಕ್ಕಿಯೂ ನಿಚ್ಚಳವಾಗಿ, ನೋಡಿದವರು ಹೆದರಬೇಕು ಹಾಗಿತ್ತು. ಐವತ್ತು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿಟ್ಟುಕೊಂಡದ್ದನ್ನು ನೋಡಿ ಉಮಾಕಾಂತ ಅಳಲು ಶುರು ಮಾಡಿದ.

ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಬಾಯಿಯ ಅಳತೆಗೇ ಪ್ರಿಂಟ್ ಹಾಕಿಸಿದ. "ಲ್ಯಾಮಿನೇಶನ್ ಮಾಡಲಾ?" ಎಂದು ಅಂಗಡಿಯವನು ಅಸಹ್ಯಪಟ್ಟುಕೊಂಡೇ ಕೇಳಿದ. "ಮಾಡಿ. ಗಟ್ಟಿದು," ಎಂದ ಉಮಾಕಾಂತ.

ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಅಮ್ಮನ ಮಂಚದ ಬಳಿ ಮಂಡಿಯೂರಿ, ಕಾರ್ಡನ್ನು ಬಾಯಿಗೆ ಅಡ್ಡ ಹಿಡಿದ. ಅದರ ಹಿಂದಿನಿಂದ "ಈ" ಎಂದ.

ಅಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ತೋರುಬೆರಳು ಬಂದು ಪ್ಲಾಸ್ಟಿಕ್ಕಿನ ಮೇಲೆ ಎಡದಿಂದ ಬಲಕ್ಕೆ ಸವರಿತು.

"ಎಲ್ಲಿ ಹಾಳಾಗಿ ಹೋಗಿದ್ಯೋ ಕತ್ತೆ," ಎಂದರು ಅಮ್ಮ. "ಹೊಟ್ಟೆ ಹಸೀತಿದೆ."

ಹಾಗೆ ಶುರುವಾಯಿತು ನೋಡಿ ಹೊಸ ವ್ಯವಸ್ಥೆ. ಉಮಾಕಾಂತನ ಅಂಗಿಯ ಜೇಬಿನಲ್ಲಿ ಆಫೀಸಿನ ಗುರುತಿನ ಚೀಟಿಯ ಜೊತೆಗೆ ಹಲ್ಲಿನ ಗುರುತಿನ ಚೀಟಿಯೂ ಇರುತ್ತಿತ್ತು. ಊಟಕ್ಕೆ ಒಂದು ಕೈಯಲ್ಲಿ ಕಾರ್ಡು, ಇನ್ನೊಂದು ಕೈಯಲ್ಲಿ ಚಮಚ. ಕಾರ್ಡು ಇಳಿಸಿದರೆ ಅಮ್ಮನಿಗೆ ಅವನು ಆ ಯಜಮಾನರು, ಏರಿಸಿದರೆ ಉಮ. ಒಮ್ಮೊಮ್ಮೆ ಅವನು ಸುಮ್ಮನೆ ಕೈ ನೋವಿಗೆ ಇಳಿಸಿದಾಗ, ಅಮ್ಮ "ಉಮ ಈಗ ತಾನೇ ಇಲ್ಲಿದ್ದ, ನೀವು ಬಂದ್ರಿ, ಅವನು ಹೋದ" ಎಂದು ಬೇಸರ ಮಾಡಿಕೊಳ್ಳುತ್ತಿದ್ದರು.

ನಿಶ್ಚಿತಾರ್ಥದ ದಿನ ಎಲ್ಲರೂ ವಡೋದರಾಗೆ ಹೋದರು. ಅಮ್ಮನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿದ್ದರು. ಸ್ವಾತಿಬೆನ್ ಉಮಾಕಾಂತನ ನಗು ನೋಡಿ, "ಫೋಟೋದಲ್ಲಿ ಇದ್ದ ಹಾಗೇ" ಎಂದರು; ಅವನ ಜೀವನದಲ್ಲಿ ಅಸಲಿಗೂ ನಕಲಿಗೂ ಇಷ್ಟು ಚೆನ್ನಾಗಿ ತಾಳೆಯಾದದ್ದು ಅದೇ ಮೊದಲು. ಅವರ ಪದ್ಧತಿಯಂತೆ ಬೆಲ್ಲ ಮತ್ತು ಧನಿಯಾ ಕಾಳು ಎಲ್ಲರ ಬಾಯಿಗೂ ಹಾಕಿದರು. ಆಮೇಲೆ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಗಲು ಹೇಳಿದ. ಉಮಾಕಾಂತ ನಕ್ಕ, ಜನರ ನಡುವೆ, ಬಾಯಿ ತೆರೆದು.

"ಉಮ ಎಲ್ಲಿ?" ಎಂದರು ಅಮ್ಮ. ಸುತ್ತ ಗುರುತಿಲ್ಲದ ಮುಖ, ಅರ್ಥವಾಗದ ಮಾತು. "ನನ್ನ ಎಲ್ಲಿಗೆ ಕರ್ಕೊಂಡು ಬಂದಿದೀರಿ? ಉಮನ್ನ ಕರೀರಿ," ಎನ್ನುತ್ತಾ ಅಳತೊಡಗಿದರು. ಬಾಯಿಗೆ ಹಾಕಿದ್ದ ಬೆಲ್ಲ ಉಗಿದರು. ಬೀಗರೆಲ್ಲ ಇತ್ತಲೇ ತಿರುಗಿದರು. ಉಮಾಕಾಂತನ ಕೈ ಜೇಬಿಗೆ ಹೋಯಿತು, ಮಗಳ ಮುಖ ನೋಡಿ ಅಲ್ಲೇ ತಡೆಯಿತು.

ಧನುಶ್ರೀಗೆ ಕಾರ್ಡಿನ ವಿಷಯ ಫೋನಿನಲ್ಲಿ ಗೊತ್ತಿತ್ತು, ಕಣ್ಣಾರೆ ನೋಡಿರಲಿಲ್ಲ. ಅವಳೇ ಬಂದು ಅಪ್ಪನ ಜೇಬಿನಿಂದ ಅದನ್ನು ತೆಗೆದಳು. ಅಷ್ಟು ಜನ ಬೀಗರ ಮುಂದೆ, ಆ ಕಂದು ಪಟ್ಟಿಯ ಬಾಯನ್ನು ಅಪ್ಪನ ಬಾಯಿಗೆ ಅಡ್ಡವಾಗಿ ತಾನೇ ಹಿಡಿದು ನಿಂತಳು. "ಪಪ್ಪಾ, ನೀವು ಅಜ್ಜಿಗೆ ತಿನ್ಸಿ. ನಾ ಹಿಡ್ಕೊತೀನಿ." ಉಮಾಕಾಂತ ಎರಡೂ ಕೈಯಿಂದ ಅಮ್ಮನಿಗೆ ಬೆಲ್ಲ ತಿನ್ನಿಸಿದ. ಫೋಟೋದವನು ಏನೂ ತಿಳಿಯದೆ ಅದನ್ನೇ ಫೋಟೋ ತೆಗೆದ. "ಸಾರಿ ಪಪ್ಪಾ, ಅದು ಆ್ಯಪ್ ಮಾಡಿದ್ದಲ್ಲ, ನಾನೇ," ಎಂದು ಧನುಶ್ರೀ ಅವನ ಕಿವಿಯ ಹತ್ತಿರ ಹೇಳಿದಳು. ಬೀಗರ ಮನೆಯ ಗೋಡೆಯ ಮೇಲೆ ಈಗ ತೂಗುಹಾಕಿರುವುದು ಆ ಫೋಟೋವೇ.

ಡಿಸೆಂಬರ್ ಕೊನೆಯ ಒಂದು ಸಂಜೆ. ಅಡಾಜಣ್‌ನ ಬಾಲ್ಕನಿಯಿಂದ ನೋಡಿದರೆ ಸಂಕ್ರಾಂತಿಗೆ ಮುಂಚೆಯೇ ಆಕಾಶದಲ್ಲಿ ಪಟ ಹಾರುತ್ತಿದ್ದವು. ಉಮಾಕಾಂತ ಆಫೀಸಿನಿಂದ ಬಂದು, ಅಂಗಿ ಕಳಚಿ ಒಳಗೆ ತೂಗುಹಾಕಿ, ಕಾರ್ಡನ್ನು ಅದರ ಜೇಬಿನಲ್ಲೇ ಬಿಟ್ಟು, ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತ. ಅಮ್ಮ ತಿರುಗಿ ಅವನ ಬಾಯನ್ನೇ ನೋಡಿದರು.

"ನಿಮ್ಮ ಹಲ್ಲು ಎಷ್ಟು ಚೆನ್ನಾಗಿದೆ," ಎಂದರು. "ನಿಮ್ಮ ತಾಯಿ ಪುಣ್ಯವಂತೆ. ಒಳ್ಳೇ ನೀರು ಕುಡಿಸಿದಾಳೆ."

ಉಮಾಕಾಂತ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ನಮ್ಮ ಊರಲ್ಲೂ ಒಳ್ಳೇ ನೀರಿತ್ತು. ಗೌಡರ ಹೊಲದಾಚೆ ಸೇದೋ ಬಾವಿ. ಅತ್ತೆ ಹೇಳ್ತಿದ್ರು, ಕುಡಿಯೋಕೆ ಅದನ್ನೇ ತಾ ಅಂತ. ದೂರ. ಮನೆ ಮುಂದೇನೇ ಪಂಪು ಬಂತಲ್ಲ, ಯಾರು ಹೋಗ್ತಾರೆ ಅಂತ ನಾನು ಹೋಗ್ಲಿಲ್ಲ. ಸೋಮಾರಿತನ ಮಾಡ್ದೆ. ನನ್ನ ಮಗನ ಹಲ್ಲು ಹೋಯ್ತು. ಸ್ಕೂಲಲ್ಲಿ ಎಲ್ಲ ನಗ್ತಿದ್ರು, ಅವನು ನಗೋದೇ ಬಿಟ್ಟ. ದಿನಾ ಬೆಳಿಗ್ಗೆ ಅವನು ಬಂದು ಹಲ್ಲು ತೋರಿಸ್ತಾನೆ, ನನಗೆ ಅದೇ ನೆನಪಾಗತ್ತೆ. ಅವನ ಹತ್ರ ಹೇಳೋಕೆ ಬಾಯಿ ಬರಲ್ಲ." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ನೀವು ದೊಡ್ಡವರು, ಅದಕ್ಕೆ ಹೇಳ್ದೆ."

ಐವತ್ತು ವರ್ಷ ಅಮ್ಮ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರೆಂದು ಉಮಾಕಾಂತನಿಗೆ ಗೊತ್ತಿರಲಿಲ್ಲ. ಮಗನಾಗಿ ಕೂತಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ.

"ನಿಮ್ಮ ಮಗ ಅದಕ್ಕೆಲ್ಲ ಏನೂ ಬೇಜಾರು ಮಾಡ್ಕೊಂಡಿಲ್ಲಮ್ಮ," ಎಂದ.

"ನಿಮಗೆ ಹೇಗೆ ಗೊತ್ತು?"

"ನಾವಿಬ್ಬರೂ ಒಂದೇ ಆಫೀಸು. ಅವನೇ ಹೇಳಿದ. ಆ ಹಲ್ಲಿಲ್ಲದೆ ಇದ್ದಿದ್ದರೆ ನಮ್ಮಮ್ಮ ನನ್ನ ಗುರುತೇ ಹಿಡೀತಿರಲಿಲ್ಲ ಅಂದ."

"ಹೌದಾ? ಹಾಗಂದ್ನಾ?" ಅಮ್ಮನ ಮುಖ ಅರಳಿತು. ಅದನ್ನು ಎರಡು ಮೂರು ಸಲ ಕೇಳಿ ಹೇಳಿಸಿಕೊಂಡರು. ಆಮೇಲೆ ಪಟ ನೋಡುತ್ತಾ ಕೂತರು.

ಉಮಾಕಾಂತ ಎದ್ದು ಒಳಗೆ ಹೋದ. ಬಚ್ಚಲಲ್ಲಿ ಮುಖ ತೊಳೆದು, ಅಂಗಿಯಿಂದ ಕಾರ್ಡು ತೆಗೆದುಕೊಂಡು ವಾಪಸು ಬಂದು, ಅಮ್ಮನ ಮುಂದೆ ಬಗ್ಗಿದ. "ಈ."

"ಬಂದ್ಯೇನೋ ಉಮ. ಈಗ ಒಬ್ಬರು ಯಜಮಾನರು ಬಂದಿದ್ರು, ನಿಮ್ಮ ಆಫೀಸಿನವರಂತೆ. ಬಹಳ ಒಳ್ಳೆಯವರು. ಎಷ್ಟು ಹೊತ್ತು ಕೂತಿದ್ರು ಪಾಪ." ಅಮ್ಮ ಬಾಲ್ಕನಿಯ ಖಾಲಿ ಕುರ್ಚಿ ನೋಡಿ ನಾಲಿಗೆ ಕಚ್ಚಿಕೊಂಡರು. "ಒಂದು ಲೋಟ ನೀರೂ ಕೊಡ್ಲಿಲ್ಲ ಕಣೋ ಅವರಿಗೆ ನಾನು."

"ಪರವಾಗಿಲ್ಲ ಬಿಡಮ್ಮ," ಎಂದ ಉಮಾಕಾಂತ, ಕಾರ್ಡಿನ ಹಿಂದಿನಿಂದ. "ಮತ್ತೆ ಬರ್ತಾರೆ. ಆಗ ಕೊಡು."